ಹರಿಹರದವರೆಗೆ ಬಾಳುವ ಗಾಲಿ

ಬಾತಿ ಕೆರೆಯ ಹತ್ತಿರ ಗಾಲಿಯ ಕಡ್ಡಿ ಮುರಿಯಬಹುದಿತ್ತು. ಕಡ್ಡಿ ಉಳಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದಿತ್ತು. ಹೊಸ ಗಾಲಿಗೆ ಹಳೆಯ ಬ್ರೇಕು ಹೊಂದದೆ ನಾನು ಭತ್ತ ಹೇರಿದ ಯಾವುದೋ ಟ್ರೇಲರಿಗೆ ಹೋಗಿ ಅಂಟಿಕೊಳ್ಳಬಹುದಿತ್ತು. ಗೇರು ಕೂರದೆ ಚೈನು ಬೀಳಬಹುದಿತ್ತು. ನಾನೇ ಬಿಗಿ ಮಾಡಿದ ಮುಂದಿನ ಗಾಲಿ ನನ್ನನ್ನು ಬಿಟ್ಟು ತಾನೊಂದೇ ಹರಿಹರಕ್ಕೆ ಹೋಗಬಹುದಿತ್ತು. ಇದ್ಯಾವುದೂ ಆಗದಿದ್ದರೂ, ಆಗುತ್ತದೇನೋ ಎಂಬ ಯೋಚನೆಗೇ ಬಿ.ಪಿ. ಏರಬಹುದಿತ್ತು. ಐವತ್ತರ ಮೇಲೆ ರೇಸ್ ಸೈಕಲ್ಲು ತುಳಿಯುವವನಿಗೆ ಇಂಥ ಸಾಧ್ಯತೆಗಳಿಗೇನೂ ಬರವಿಲ್ಲ.

ಭಾನುವಾರ ಬೆಳಿಗ್ಗೆ ನಾವು ಮೂವರು ದಾವಣಗೆರೆಯ ವಿದ್ಯಾನಗರದಿಂದ ಹೊರಟು, ಹರಿಹರದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಚಹಾ ಕುಡಿದು ವಾಪಸು ಬರುತ್ತೇವೆ. ಒಬ್ಬರು ನಿವೃತ್ತ ಪಿ.ಟಿ. ಮಾಸ್ತರು. ಇನ್ನೊಬ್ಬ ನನ್ನ ಓರಗೆಯ ಗೆಳೆಯ, ಮೆಡಿಕಲ್ ಶಾಪಿನವನು. ಕೆಲವು ತಿಂಗಳಿಂದ ನನ್ನ ಹಿಂದಿನ ಗಾಲಿಯ ಕಡ್ಡಿಗಳು ಒಂದಾದ ಮೇಲೊಂದು ಮುರಿಯುತ್ತಿದ್ದವು. ಹೊಸ ಕಡ್ಡಿ ಹಾಕಿಸಿ, ಗಾಲಿಯ ಬೆಂಡು ತೆಗೆಸಿ ತಂದರೆ ಮತ್ತೊಂದು ಮುರಿಯುತ್ತಿತ್ತು. ಪ್ರತಿ ಸಲವೂ ಅವರಿಬ್ಬರು ರಸ್ತೆಬದಿ ಕೂತು ನನಗಾಗಿ ಕಾಯಬೇಕಿತ್ತು. ಕೊನೆಗೊಂದು ದಿನ ಮಾಸ್ತರು ಹೇಳಿಯೇಬಿಟ್ಟರು.

"ನೋಡ್ರಿ, ಬರೋ ಭಾನುವಾರನೂ ಹಿಂಗೆ ಆದ್ರೆ ನೀವು ಸೈಕಲ್ ತರಾದೇ ಬ್ಯಾಡ. ಬಸ್ಸಿನಾಗೆ ಬಂದು ಅಕ್ಕಾರ ಮನ್ಯಾಗೆ ಕುಂತಿರ್ರಿ. ಚಾಕ್ಕೆ ಸಿಗಾಣ."

ಗೆಳೆಯ ನಕ್ಕ. ನಾನೂ ನಕ್ಕೆ, ಆದರೆ ಒಳಗೆ ಚುರುಕ್ಕೆಂದಿತು. ವಾರದಲ್ಲಿ ಯಾರೂ ನನ್ನನ್ನು ಏನೂ ಕೇಳದಿರುವುದು ಆ ಒಂದು ಬೆಳಗಿನಲ್ಲಿ ಮಾತ್ರ. ಅದೂ ಹೋದರೆ ನನಗೆ ಉಳಿಯುವುದು ಬರೀ ಸೋಮವಾರಗಳು.

ಹೊಸ ಗಾಲಿ ಕೊಳ್ಳಲು ಹೋದ ಸೈಕಲ್ ಅಂಗಡಿಯಲ್ಲಿ ಮೂರು ಜೊತೆ ಗಾಲಿಗಳಿದ್ದವು. ಮೊದಲನೆಯದು ಕಾರ್ಬನ್ನಿನದು, ಅಗಲ ಪಟ್ಟಿಯ ಕಪ್ಪು ರಿಮ್ಮು, ಹಪ್ಪಳದಂತೆ ಎತ್ತಬಹುದು. ಮುಟ್ಟಿದ ಕೂಡಲೇ ನನಗೆ ತುಂಗಭದ್ರಾ ಸೇತುವೆಯ ಅಡ್ಡಗಾಳಿ ಕಣ್ಣಿಗೆ ಬಂತು. ಆ ಪಟ್ಟಿ ಹಾಯಿಯಂತೆ ಗಾಳಿ ಹಿಡಿದರೆ ನಾನು ನೇರ ಹೊಳೆಗೆ. ಅಕ್ಕನ ಮನೆ ಸೇತುವೆಗಿಂತ ಈಚೆಗಿದೆ, ನಾವು ಸೇತುವೆ ಹತ್ತುವುದೇ ಇಲ್ಲ ಎಂಬುದು ಹೊಳೆದದ್ದು ಮನೆಗೆ ಬಂದ ಮೇಲೆ. ಎರಡನೆಯದರಲ್ಲಿ ಕಡ್ಡಿ ಎಷ್ಟು ಕಡಿಮೆಯೆಂದರೆ ನಡುವೆ ಬೆಕ್ಕು ದಾಟಬಹುದು. ಕಡ್ಡಿ ಮುರಿದೇ ಇಲ್ಲಿಗೆ ಬಂದವನು ಅದನ್ನು ಹೇಗೆ ನಂಬಲಿ? ಮೂರನೆಯದು ಸಾದಾ ಅಲ್ಯುಮಿನಿಯಂ, ಒತ್ತಾಗಿ ಕಡ್ಡಿ. ಹಾಲಿನವರ ಸೈಕಲ್ ಗಾಲಿಗೆ ಓದಿದ ತಮ್ಮನೊಬ್ಬನಿದ್ದರೆ ಹೀಗೇ ಇರುತ್ತಿದ್ದ.

"ತೂಕ ಜಾಸ್ತಿ ಅಲ್ಲೇನ್ರಿ?" ಎಂದೆ.

ಅಂಗಡಿಯವನು ಗಾಲಿಯನ್ನು ನೋಡಿದ, ನನ್ನ ಹೊಟ್ಟೆಯನ್ನು ನೋಡಿದ. "ಯಾವುದು ಸಾರ್?" ಎಂದ.

ಯೋಚಿಸಿ ಬರುತ್ತೇನೆಂದು ಹೇಳಿ ಬಂದೆ. ಮರುದಿನ ಹೋಗಿ ಮತ್ತೆ ಅದನ್ನೇ ಹೇಳಿ ಬಂದೆ. ಮೂರನೇ ಸಲ ಚಪ್ಪಲಿ ಮೆಟ್ಟುವಾಗ ಹೆಂಡತಿ ಬಾಗಿಲಲ್ಲಿ ನಿಂತಳು.

"ನನ್ನ ನೋಡಾಕೆ ಬಂದಾಗ ಒಂದು ಪ್ಲೇಟ್ ಉಪ್ಪಿಟ್ಟು ತಿಂದು ಅಲ್ಲೇ ಒಪ್ಪಿದ್ರಿ. ಗಾಲಿಗೆ ಯಾಕ ಇಷ್ಟು ಓಡಾಟ?"

"ಆವಾಗ ಇಷ್ಟು ತಿಳುವಳಿಕೆ ಇರಲಿಲ್ಲ," ಎಂದೆ. ಆ ರಾತ್ರಿ ಚಪಾತಿಗೆ ಎಣ್ಣೆ ಬೀಳಲಿಲ್ಲ. ಆದರೆ ಗಾಲಿಯಂತೂ ಮನೆಗೆ ಬಂದಿತ್ತು, ಅದೇ ಮೂರನೆಯದು, ಓದಿದ ತಮ್ಮ.

ಭಾನುವಾರ ದಾರಿಯುದ್ದಕ್ಕೂ ಬಗ್ಗಿ ಬಗ್ಗಿ ಹಿಂದಿನ ಗಾಲಿಗೆ ಕಿವಿಗೊಟ್ಟೆ.

"ಕತ್ತು ನೆಟ್ಟಗೆ ಇಡ್ರಿ," ಎಂದರು ಮಾಸ್ತರು. "ರಸ್ತೆ ಮುಂದೈತೆ."

ಬಾತಿ ಕೆರೆ ಬಂತು, ಹೋಯಿತು. ಕಡ್ಡಿಗಳು ಗಟ್ಟಿಯಾಗಿದ್ದವು. ಬ್ರೇಕು ಹಿಡಿಯುತ್ತಿತ್ತು. ಹರಿಹರ ತಲುಪಿದಾಗ ನನಗೆ ಖುಷಿಗಿಂತ ಹೆಚ್ಚಾಗಿ ಅನುಮಾನವೇ ಆಯಿತು.

ಅಕ್ಕ ಚಹಾದ ಲೋಟ ಕೈಗಿಡುವ ಮೊದಲೇ ಗಾಲಿ ನೋಡಿದಳು. "ಹೊಸಾವೇನೋ? ಪೂಜೆ ಮಾಡ್ಸೀಯೇನು?"

"ಗಾಲಿ ಅಷ್ಟೇ ಅಕ್ಕ. ಸೈಕಲ್ ಹಳೇದೇ."

"ನಿಂಬೆಹಣ್ಣು ಇಡೋದು ಗಾಲಿಗೋ, ಸೀಟಿಗೋ?"

ಹಾಗೆ ಕೇಳಿದವಳೇ ಅಕ್ಕ ಒಳಗಿಂದ ಕುಂಕುಮ, ಊದಿನಕಡ್ಡಿ, ಎರಡು ನಿಂಬೆಹಣ್ಣು ತಂದು, ಹಣ್ಣುಗಳನ್ನು ಎರಡೂ ಗಾಲಿಯ ಮುಂದಿಟ್ಟಳು. ರಿಮ್ಮಿಗೆ ಕುಂಕುಮ ಹಚ್ಚಿದರೆ ಬ್ರೇಕು ಜಾರೀತೆಂದು ಗೋಗರೆದು, ಬೊಟ್ಟನ್ನು ಹ್ಯಾಂಡಲಿಗೆ ಇಡಿಸಿದೆ. ಎಲ್ಲ ಮುಂಜಾಗ್ರತೆಯೂ ಆಯಿತೆಂದುಕೊಂಡು ಸೈಕಲ್ಲು ಹತ್ತಿದೆ.

ಕಾರು ಹತ್ತಿದರೆ ನಿಂಬೆಹಣ್ಣು ಪಚಕ್ಕೆನ್ನುತ್ತದೆ. ನನ್ನ ಟೈರು ಹೆಬ್ಬೆರಳಿನಷ್ಟು ಅಗಲ, ಗಾಳಿ ತುಂಬಿ ಕಲ್ಲಾಗಿತ್ತು. ಹಣ್ಣು ಒಡೆಯಲಿಲ್ಲ, ಅದು ಚಿಮ್ಮಿ ಚರಂಡಿಯ ಕಡೆಗೆ ಹೋಯಿತು, ಗಾಲಿ ಇನ್ನೊಂದು ಕಡೆಗೆ ಜಾರಿತು, ನಾನು ಬಾಗಿಲ ಮುಂದೆಯೇ ಕೂತೆ.

ಮಾಸ್ತರು ಓಡಿ ಬಂದರು, ಗಾಲಿಯ ಹತ್ತಿರಕ್ಕೆ. ಎತ್ತಿ ಗಿರ್ರನೆ ತಿರುಗಿಸಿ ನೋಡಿದರು. "ಬೆಂಡಿಲ್ಲ. ಭೇಷ್ ಗಾಲಿ. ಬರೋ ಭಾನುವಾರನೂ ಬರ್ರಿ."

ನೆಲದ ಮೇಲೆ ಕೂತೇ ಆ ಮಾತು ಕೇಳಿಸಿಕೊಂಡೆ. ಅಷ್ಟು ಹಿತವಾಗಿ ನಾನು ಎಲ್ಲಿಯೂ ಕೂತದ್ದಿಲ್ಲ.

ಎದ್ದು ಮೊಣಕೈ, ಮೊಣಕಾಲು ಕೊಡವಿಕೊಂಡೆ. "ಇನ್ನೇನಾದ್ರೂ ಆಗೈತೇನ್ರಿ?" ಎಂದು ಬೆನ್ನು ತೋರಿಸಿ ಕೇಳಿದೆ.

"ಏನೂ ಇಲ್ಲ," ಎಂದ ಗೆಳೆಯ. ಅವನು ಮೆಡಿಕಲ್ ಶಾಪಿನವನಾದ್ದರಿಂದ ನಂಬಿದೆ.

"ವಾಪಸ್ ಹೋಗಬೇಕಾದ್ರೆ ನೀವೇ ಮುಂದೆ ಹೋಗ್ರಿ," ಎಂದರು ಮಾಸ್ತರು.

ಅವರು ನನ್ನನ್ನು ಮುಂದೆ ಬಿಟ್ಟದ್ದು ಅದೇ ಮೊದಲು. ದಾವಣಗೆರೆಯವರೆಗೂ ಎದೆಯುಬ್ಬಿಸಿ ತುಳಿದೆ. ಹಿಂದೆ ಇಬ್ಬರೂ ಆಗಾಗ ಕೆಮ್ಮುತ್ತಿದ್ದರು. ನನ್ನ ವೇಗಕ್ಕೆ ಸುಸ್ತಾಗಿದ್ದಾರೆ, ಪಾಪ, ಎಂದುಕೊಂಡು ನಡುನಡುವೆ ನಿಧಾನ ಮಾಡಿದೆ. ಬಸ್ ಸ್ಟಾಪಿನಲ್ಲಿದ್ದ ಕಾಲೇಜು ಹುಡುಗಿಯರು ತಿರುಗಿ ನೋಡಿದರು. ಗಾಲಿಯ ಹೊಳಪು ಎಂದುಕೊಂಡೆ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ: ಕಡ್ಡಿ ಮುರಿಯಲಿಲ್ಲ, ಮಾಸ್ತರು ಒಪ್ಪಿದರು, ಇಡೀ ದಾರಿ ನಾನೇ ಮುಂದೆ. ಹೇಳುತ್ತ ನೀರು ಕುಡಿಯಲು ಒಳಗೆ ತಿರುಗಿದೆ.

"ಅಲ್ಲೇ ನಿಲ್ರಿ," ಎಂದಳು.

ನನ್ನ ಕಪ್ಪು ಚಡ್ಡಿಯ ಹಿಂದೆ, ಸೀಟಿಗೆ ತಾಗದ ಎರಡೂ ಬದಿಯಲ್ಲಿ, ಬೆವರಿಗೆ ಅಂಟಿದ ಅಕ್ಕನ ಬಾಗಿಲ ರಂಗೋಲಿ ಇತ್ತು, ಈ ಕಡೆ ತಾವರೆಯ ಮೂರೆಸಳು, ಆ ಕಡೆ ಎರಡು.