ಕರೆಂಟ್ ಬಂದಾಗ ಕೂಗುವ ಮಿಷನ್

ಅಜ್ಜಂಪುರದ ಬಡಗಿ ಅಂಜಿನಪ್ಪ ಒಂದೇ ಒಂದು ರೂಟರ್ ಮಿಷನ್ ಆರಿಸಲು ಕಡೂರಿನ ನನ್ನ ಅಂಗಡಿಗೆ ನಾಲ್ಕು ಸಲ ಬಂದ. ಮೂರನೆಯ ಸಲಕ್ಕೇ ನನ್ನ ತಾಳ್ಮೆ ಮುಗಿದಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೂ ಮನುಷ್ಯ ಎಷ್ಟು ಅಂತ ತಡೆದುಕೊಳ್ಳಬೇಕು?

ಬಾಗಿಲಿನ ಅಂಚಿಗೆ ರೂಪ ಕೊಡುವ, ಮರದಲ್ಲಿ ಉದ್ದಕ್ಕೆ ತೋಡು ಕೊರೆಯುವ ಮಿಷನ್ ಅದು. ಎಷ್ಟು ವ್ಯಾಟ್, ಎಷ್ಟು ತೂಕ, ಕೊರೆಯುವ ಅಲಗು, ಅಂದರೆ ಬಿಟ್, ಅರ್ಧ ಇಂಚಿನದು ಹಿಡಿಯುತ್ತದೆಯೇ, ಒಣಗಿದ ತೇಗಕ್ಕೆ ಹಾಕಿದರೆ ತಿಣುಕುತ್ತದೆಯೇ ಎಂದು ಎಲ್ಲ ಬಡಗಿಗಳೂ ಕೇಳುತ್ತಾರೆ. ಈ ಪುಣ್ಯಾತ್ಮ ಅದೊಂದನ್ನೂ ಕೇಳಲಿಲ್ಲ. ಮಿಷನ್ ಓಡುತ್ತಿರುವಾಗಲೇ ಪ್ಲಗ್ ಕೀಳುತ್ತಿದ್ದ. ಸ್ವಿಚ್ ಮುಟ್ಟದೆ, ಹಾಗೇ ಮತ್ತೆ ಪ್ಲಗ್ ಸಿಕ್ಕಿಸುತ್ತಿದ್ದ. ಮಿಷನ್ ಗುಂಯ್ಯೆಂದು ತಾನಾಗಿ ಎದ್ದರೆ ಎರಡು ಹೆಜ್ಜೆ ಹಿಂದಕ್ಕೆ ಜಿಗಿದು, "ಇದು ಬ್ಯಾಡ" ಎನ್ನುತ್ತಿದ್ದ. ಮುಖದಲ್ಲಿ ರಕ್ತವೇ ಇರುತ್ತಿರಲಿಲ್ಲ.

"ಏನಪ್ಪಾ, ಮಿಷನ್ ತಗೊಳಕ್ ಬಂದಿದೀಯೋ, ಕೆಡ್ಸಕ್ ಬಂದಿದೀಯೋ?" ಎಂದು ಮೂರನೆಯ ಸಲ ರೇಗಿಬಿಟ್ಟೆ.

ಅವನು ಸ್ಟೂಲಿನ ಮೇಲೆ ಕುಸಿದು ಕೂತು ನೀರು ಕೇಳಿದ. ಆಮೇಲೆ ಹೇಳಿದ.

ಅಂಜಿನಪ್ಪ ಮತ್ತು ಅವನ ತಮ್ಮ ಪ್ರಕಾಶ್ ಜೊತೆಯಾಗಿ ಶೆಡ್ಡು ಹಾಕಿದವರು. ಅಣ್ಣನದು ಅಳತೆ, ತಮ್ಮನದು ಮಿಷನ್ನು. ಇವರ ಬಾಗಿಲು ಬೇಕೆಂದು ಸಿಂಗಟಗೆರೆಯಿಂದ, ಅತ್ತ ಲಕ್ಕವಳ್ಳಿಯಿಂದಲೂ ಜನ ಬರುತ್ತಿದ್ದರು. ನಮ್ಮ ಕಡೆ ಕೆಲಸದವರಿಗೊಂದು ಕೆಟ್ಟ ಚಾಳಿ ಇದೆ. ಕರೆಂಟ್ ಹೋದರೆ ಮಿಷನ್ನಿನ ಸ್ವಿಚ್ ಆಫ್ ಮಾಡುವುದಿಲ್ಲ. ಟೀ ಕುಡಿಯುತ್ತಲೋ ಊಟ ಮಾಡುತ್ತಲೋ ಇರುವಾಗ ಮಿಷನ್ ಕೂಗಿದರೆ ಕರೆಂಟ್ ಬಂತೆಂದು ಓಡಬಹುದಲ್ಲ, ಅದಕ್ಕೆ. ನಾಲ್ಕು ವರ್ಷದ ಹಿಂದೆ ಹಾಗೇ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಊಟಕ್ಕೆ ಹೋದರು. ಪ್ರಕಾಶ್ ಮೊದಲು ಮುಗಿಸಿ ಬಂದು, ಕರೆಂಟ್ ಬರುವಷ್ಟರಲ್ಲಿ ಬಿಟ್ ಬದಲಿಸೋಣವೆಂದು ಕೈ ಹಾಕಿದ. ಅಷ್ಟರಲ್ಲಿ ಕರೆಂಟ್ ಬಂತು. ಬಲಗೈಯ ಮೂರು ಬೆರಳು ಹೋದವು.

"ಸ್ವಿಚ್ ಆಫ್ ಮಾಡಕ್ ಮರೆತೆ ಅಂತ ಅವ್ನು ತನ್ನನ್ನೇ ಬೈಕೊಳ್ತಾನೆ, ಸಿದ್ದಲಿಂಗಣ್ಣ. ಅವ್ನು ಆಫ್ ಮಾಡೇ ಹೋಗಿದ್ದ. ಆಮೇಲೆ ನಾನು ಮತ್ತೆ ಆನ್ ಮಾಡ್ದೆ. ಕರೆಂಟ್ ಬಂದಿದ್ದು ಗೊತ್ತಾಗ್ಲಿ ಅಂತ." ಅವನು ಲೋಟ ಕೆಳಗಿಟ್ಟ. "ಇನ್ನೂ ಯಾರಿಗೂ ಹೇಳಿಲ್ಲ."

ಆ ಮಿಷನ್ನನ್ನು ಅವನು ಆ ವಾರವೇ ಗುಜರಿಗೆ ಹಾಕಿದ್ದಾನೆ. ಆದರೂ ಅದು ಅವನನ್ನು ಬಿಟ್ಟಿಲ್ಲ. ಶೆಡ್ಡಿನಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಮೊದಲು ಅದನ್ನಿಡುತ್ತಿದ್ದ ಮೂಲೆಯ ಬೆಂಚಿನ ಮೇಲೆ ಗುಂಯ್ಯೆನ್ನುತ್ತದಂತೆ. ಬೆಂಚು ಖಾಲಿ. ಬೆಂಚನ್ನೇ ಒಡೆದು ಸೌದೆ ಮಾಡಿದ. ಆಮೇಲೂ ಅದೇ ಮೂಲೆಯಿಂದ ಕೂಗುತ್ತದಂತೆ.

ಈಗ ಪ್ರಕಾಶ್ ಮತ್ತೆ ಮಿಷನ್ ಹಿಡಿಯುತ್ತೇನೆಂದು ಹಟ ಹಿಡಿದಿದ್ದ. ಕರೆಂಟ್ ಹೋಗಿ ಬಂದರೂ ತಾನಾಗಿ ಏಳದ ಮಿಷನ್ ಬೇಕಿತ್ತು ಅಂಜಿನಪ್ಪನಿಗೆ.

"ಅಂಥದ್ದು ತರಿಸ್ತೀನಿ ಕಣಯ್ಯ. ಆದ್ರೆ ಮೊದ್ಲು ಅವ್ನಿಗೆ ನಿಜ ಹೇಳು," ಎಂದೆ.

"ಹೇಳಿದ್ರೆ ತಮ್ಮ ನನ್ನ ಕೈ ತಪ್ಪೋಗ್ತಾನೆ ಅಣ್ಣ."

ಹತ್ತು ದಿನದ ಮೇಲೆ ಇಬ್ಬರೂ ಬಂದರು. ತರಿಸಿದ್ದ ಮಿಷನ್ನನ್ನು ಮೇಜಿನ ಮೇಲಿಟ್ಟೆ. ಆರು ಕೆಜಿ ತೂಕ, ಎರಡು ಕಡೆ ಹಿಡಿ, ತೇಗವನ್ನು ಬೆಣ್ಣೆಯಂತೆ ಕೊರೆಯುವ ಮೋಟರ್. ಓಡಿಸಿ, ಪ್ಲಗ್ ಕಿತ್ತು, ಮತ್ತೆ ಸಿಕ್ಕಿಸಿದೆ. ಮಿಷನ್ ಸುಮ್ಮನೆ ಕೂತಿತ್ತು. ಪ್ರಕಾಶ್ ಉಳಿದ ಎರಡು ಬೆರಳಿಂದ ಹಿಡಿಯನ್ನು ತಬ್ಬಿ ಹಿಡಿದು ನಕ್ಕ.

"ನನ್ನಂಥ ಮರೆಗುಳಿಗೆ ಇದೇ ಸರಿ ಅಣ್ಣಾರೇ. ಆವತ್ತು ಸ್ವಿಚ್ ಮರೆತೆ, ಅನುಭವಿಸ್ದೆ. ನಮ್ಮಣ್ಣ ದೇವ್ರಂಥೋನು, ಒಂದಿನ ಒಂದ್ ಮಾತು ಅಂದಿಲ್ಲ."

ಅಂಜಿನಪ್ಪ ನೆಲ ನೋಡುತ್ತಾ, "ಬಿಲ್ ಮಾಡಿ," ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಪೆನ್ನು ಕೆಳಗಿಟ್ಟೆ.

"ಬಿಲ್ ಆಮೇಲೆ. ಮೊದ್ಲು ಹೇಳದು ಹೇಳು."

"ಏನಣ್ಣ ಹೇಳದು?" ಎಂದು ಪ್ರಕಾಶ್ ಅಣ್ಣನ ಮುಖ ನೋಡಿದ.

ಅಂಜಿನಪ್ಪ ಮಿಷನ್ನಿನ ಕಡೆ ತಿರುಗಿ ನಿಂತು ಹೇಳಿದ. "ನೀನು ಮರ್ತಿರ್ಲಿಲ್ಲ ಕಣೋ. ಆಫ್ ಮಾಡೇ ಹೋಗಿದ್ದೆ. ಹಿಂದೆನೇ ನಾನು ಆನ್ ಮಾಡ್ದೆ."

ಪ್ರಕಾಶ್ ಹಿಡಿಯಿಂದ ಕೈ ತೆಗೆದ. ಅಣ್ಣನ ಬೆನ್ನನ್ನೇ ನೋಡಿದ.

"ಅವ್ವ ಸಾಯೋ ತನಕ ನನ್ನ ಎಚ್ಚರಗೇಡಿ ಅಂತ ಬೈತು," ಎಂದ. "ನೀನು ಪಕ್ಕದಲ್ಲೇ ಕೂತು ಉಣ್ತಿದ್ದೆ."

ಅಂಜಿನಪ್ಪ ಮಿಷನ್ನಿಗೆ ಕೈ ಕೊಡಲು ಬಂದ. ಪ್ರಕಾಶ್ ಅವನ ಕೈ ಸರಿಸಿ, ಆರು ಕೆಜಿಯ ಮಿಷನ್ನನ್ನು ತಾನೇ ಎದೆಗೊತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಅಣ್ಣ ದುಡ್ಡನ್ನು ಮೇಜಿನ ಮೇಲಿಟ್ಟು ಹತ್ತು ಮಾರು ಹಿಂದೆ ನಡೆದ.

ಹೇಳಿಸಿದ್ದು ಸರಿಯೋ ತಪ್ಪೋ ಎಂದು ನನಗೆ ಇವತ್ತಿಗೂ ತಿಳಿಯದು. ಹೋದ ತಿಂಗಳು ಬಿಟ್ ಕೊಳ್ಳಲು ಅಂಜಿನಪ್ಪ ಒಬ್ಬನೇ ಬಂದಿದ್ದ, ತೀರಾ ಸೊರಗಿದ್ದ. ಪ್ರಕಾಶ್ ಶೆಡ್ಡು ಬಿಟ್ಟಿಲ್ಲವಂತೆ. ಬೆಳಗ್ಗೆಯಿಂದ ಸಂಜೆವರೆಗೆ ಮಿಷನ್ ಹಿಡಿದು ನಿಲ್ಲುತ್ತಾನಂತೆ. ಕೆಲಸವೂ ಮೊದಲಿನಷ್ಟೇ ಚೊಕ್ಕ. ಆದರೆ ಆ ದಿನದಿಂದ ಅಣ್ಣನ ಹತ್ತಿರ ಒಂದು ಮಾತೂ ಆಡಿಲ್ಲವಂತೆ.

"ಆ ಕೂಗು?" ಎಂದು ಮೆಲ್ಲಗೆ ಕೇಳಿದೆ.

"ಅದು ಹೋಯ್ತಣ್ಣ. ಈಗ ಮಿಷನ್ ಓಡ್ತಿದ್ರೇ ವಾಸಿ," ಎಂದು ಬಿಟ್ಟುಗಳನ್ನು ಜೇಬಿಗೆ ಹಾಕಿಕೊಂಡ. "ನಿಂತ್ರೆ, ಅವ್ನು ಮಾತಾಡ್ದೆ ಇರದು ಕೇಳುಸ್ತದೆ."