ಕಂಪನಿ ಕಥೆ ಹೇಳಿದವರು

ಜೋಡಿ ಹುಡುಕಿಕೊಡುವ ಆ್ಯಪನ್ನು ನನ್ನ ಫೋನಿಗೆ ಹಾಕಿದ್ದು ನಾನಲ್ಲ, ನನ್ನ ಗೆಳತಿ. ಮಧುಗಿರಿಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸು, ಅವಳು ಔಷಧಿ ಕೊಡುವ ಕಿಟಕಿಯವಳು, ಶಿರಾದ ಹುಡುಗಿ, ನನ್ನನ್ನು ಅಕ್ಕ ಅನ್ನೋ ಬದಲು ಆಪಾ ಅನ್ನುತ್ತಾಳೆ. "ಅರೇ, ಸುಮ್ನೆ ನೋಡು ಆಪಾ, ಯಾರೂ ನಿನ್ನ ತಿಂದ್ಹಾಕಲ್ಲ," ಅಂದಳು. ಗಂಡ ಬಿಟ್ಟುಹೋಗಿ ವರ್ಷಗಳಾಗಿದ್ದವು. ಕೊರಟಗೆರೆಯ ಬಾಡಿಗೆ ಮನೆಯಲ್ಲಿ ಸಂಜೆಯಾದರೆ ಗೋಡೆ ಜೊತೆ ಮಾತಾಡುವಷ್ಟು ಒಂಟಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ. ನನಗೂ ಒಬ್ಬರು ಬೇಕಾಗಿತ್ತು. ಆದರೆ ನಮ್ಮ ಕಡೆ ಇಂಥದ್ದು ಗೊತ್ತಾದರೆ ಮುಗಿಯಿತು. ಇಂಜೆಕ್ಷನ್ ಚುಚ್ಚಿಸಿಕೊಳ್ಳೋಕೆ ಬಂದವರೂ "ಅದೇ ಆಯಮ್ಮ ಕಣ್ಲಾ" ಅಂತ ಮುಸಿಮುಸಿ ನಗುತ್ತಾರೆ. ಆಮೇಲೆ ನಾನು ತಲೆ ಎತ್ತಿ ವಾರ್ಡಿನಲ್ಲಿ ಓಡಾಡೋದು ಹೆಂಗೆ?

ಅದಕ್ಕೇ ಮುಖದ ಬದಲು ಮಧುಗಿರಿ ಬೆಟ್ಟದ ಫೋಟೋ ಹಾಕಿದೆ. ಒಳಗೆ ಹೋಗಿ ನೋಡಿದರೆ ಇಡೀ ತಾಲ್ಲೂಕೇ ಬೆಟ್ಟ ಹಾಕಿಕೊಂಡು ಕೂತಿದೆ! ಬೆಳಗಿನ ಬೆಟ್ಟ, ಸಂಜೆಯ ಬೆಟ್ಟ, ಬೆಟ್ಟದ ಮುಂದೆ ಬೈಕು. ನಮ್ಮೋರ ಬುದ್ಧಿಯೇ ಇಷ್ಟು. ಒಬ್ಬರು ಮಾತ್ರ ಮಂಜು ಹಿಡಿದ ಬಸ್ಸಿನ ಕಿಟಕಿ ಹಾಕಿದ್ದರು. ಗಾಜಿನಾಚೆ ಏನೂ ಕಾಣುತ್ತಿರಲಿಲ್ಲ, ಎಲ್ಲೋ ಒಂದು ಹಳದಿ ಬೆಳಕು. ಅದನ್ನೇ ನೋಡುತ್ತಾ ಅವತ್ತು ಅನ್ನ ಸೀಯಿಸಿದೆ.

ಆ ಕಿಟಕಿಯವರ ಜೊತೆ ಮೆಸೇಜಿನಲ್ಲಿ ಮಾತು ಶುರುವಾಯಿತು. ಅವರಿಗೆ ಪಾವಗಡದಲ್ಲಿ ಸೋಲಾರ್ ಕೆಲಸ. ಹೆಂಡತಿ ತೀರಿಕೊಂಡಿದ್ದರು. ಎಲ್ಲಿಂದ ಓಡಾಡುತ್ತೀರಿ ಅಂತ ನಾನು ಕೇಳಲಿಲ್ಲ. ಕೇಳಿದರೆ ನಾನೂ ಹೇಳಬೇಕಾಗುತ್ತಲ್ಲ. ಆ ಕಡೆಯ ತೆಲುಗು ಅಂಟಿಕೊಂಡು ಏನ್ರೀ ಅನ್ನೋದಕ್ಕೆ ಮಾತಿಗೊಮ್ಮೆ "ಏಮಂಡಿ" ಅನ್ನುತ್ತಿದ್ದರು. "ಏಮಂಡಿ, ಸೋಲಾರ್ ಹಲಗೆಗಳು ದೂರದಿಂದ ತುಂಬಿದ ಕೆರೆ ಥರ ಕಾಣ್ತವೆ. ಕೊಕ್ಕರೆಗಳೂ ಮೋಸಹೋಗಿ ಇಳೀತವೆ," ಅಂತ ಬರೆದಿದ್ದರು. ಆಮೇಲೆ ಎಷ್ಟೋ ದಿನ ಡ್ಯೂಟಿಯ ನಡುವೆಯೇ ಮನಸ್ಸಿನಲ್ಲಿ ಆ ನೀರಿಲ್ಲದ ಕೆರೆಯ ಮೇಲೆ ಬರಿಗಾಲಲ್ಲಿ ನಡೆದಾಡುತ್ತಿದ್ದೆ.

ಒಂದು ದಿನ, "ಗೊರವನಹಳ್ಳಿ ದೇವಸ್ಥಾನದಲ್ಲಿ ಭೇಟಿಯಾಗೋಣ್ವಾ?" ಅಂದರು. ಶುಕ್ರವಾರ ಬಂತೆಂದರೆ ನಮ್ಮ ಅರ್ಧ ಆಸ್ಪತ್ರೆ ಅಲ್ಲೇ ಇರುತ್ತದೆ! ಉತ್ತರ ಕೊಡದೆ ಆ್ಯಪನ್ನೇ ಕಿತ್ತುಹಾಕಿದೆ.

ಗೆಳತಿ ಸುಮ್ಮನಿರುತ್ತಾಳೆಯೇ, ಇನ್ನೊಂದು ಹಾಕಿದಳು. ಆ್ಯಪಿನ ಹೆಸರು ಬೇರೆ, ಬಣ್ಣ ಬೇರೆ, ನನ್ನ ಫೋಟೋ ಮಾತ್ರ ಅದೇ ಬೆಟ್ಟ. ತೆರೆದರೆ ಅದೇ ಮಂಜು ಹಿಡಿದ ಕಿಟಕಿ. ಮೈಯೆಲ್ಲ ಉರಿದುಹೋಯಿತು. "ನನ್ನ ಬೆನ್ನು ಹತ್ತಿದೀರಾ?" ಅಂತ ನಾನೇ ಬರೆದೆ.

"ನೀವು ಹೋದ ಮೇಲೆ ಅಲ್ಲಿ ಬರೀ ಬೆಟ್ಟಗಳು ಉಳಿದವು, ಅದಕ್ಕೆ ಇಲ್ಲಿಗೆ ಬಂದೆ. ಬೆನ್ನು ಹತ್ತಿರೋದು ನಾನಲ್ಲಂಡಿ, ಕಂಪನಿ. ಆ ಆ್ಯಪೂ ಈ ಆ್ಯಪೂ ಒಂದೇ ಕಂಪನೀದು."

ಅಲ್ಲಿಂದ ಸಂಜೆ ಸಂಜೆ ಕಂಪನಿ ಕಥೆ ಶುರುವಾಯಿತು. ಫೋನಿಗೆ ವೈರಿದ್ದ ಕಾಲದಲ್ಲಿ ಅಮೆರಿಕದಲ್ಲಿ ಒಂದು ಸೈಟು ಹುಟ್ಟಿತಂತೆ. ಕಂಪ್ಯೂಟರಿನಲ್ಲಿ ಜೋಡಿ ಹುಡುಕೋದಾ ಅಂತ ಜನ ನಕ್ಕರಂತೆ. ಆಮೇಲೆ ದುಡ್ಡಿದ್ದವರು ಅದನ್ನು ಕೊಂಡರು. ಎದುರಿಗೆ ಇನ್ನೊಂದು ಹುಟ್ಟಿದರೆ ಅದನ್ನೂ ಕೊಂಡರು. ಪ್ರಶ್ನೆ ಕೇಳಿ ಜೋಡಿ ಮಾಡೋದು, ವಯಸ್ಸಾದವರದ್ದು, ಬೆರಳಲ್ಲಿ ಆಚೆ ಈಚೆ ತಳ್ಳೋದು, ಎಲ್ಲ ಸೇರಿ ಒಂದೇ ಯಜಮಾನಿಕೆ. ನಮ್ಮ ಪ್ರೈವೇಟ್ ಬಸ್ಸುಗಳದ್ದೂ ಇದೇ ಕಥೆಯಲ್ಲವೇ? ಕೊರಟಗೆರೆ ಸ್ಟ್ಯಾಂಡಿನಲ್ಲಿ ಏಜೆಂಟರು ಗಂಟಲು ಹರಿದುಕೊಂಡು ಜಗಳವಾಡುತ್ತಾರೆ, ಎರಡು ಬಸ್ಸಿನ ಓನರೂ ಒಬ್ಬನೇ. ಬೇರೆ ಗಂಡಸರು ಗುಲಾಬಿ ಹೂವಿನ ಚಿತ್ರ ಕಳಿಸುತ್ತಾರೆ, ಈ ಮಹಾನುಭಾವರು ಯಾರು ಯಾರನ್ನು ನುಂಗಿದರು ಅಂತ ಬರೆಯುತ್ತಿದ್ದರು. ನಾನು ಒಲೆ ಆರಿಸಿ, ಬಾಗಿಲಲ್ಲಿ ಕೂತು, ಮುಂದೇನಾಯಿತು ಅಂತ ಕಾಯುತ್ತಿದ್ದೆ. ಆ ಮನುಷ್ಯನ ಮೇಲೆ ನನಗೆ ಪ್ರೀತಿ ಬಂದುಬಿಟ್ಟಿತ್ತು.

ಚಳಿ ಮುಗಿಯುವ ಹೊತ್ತಿಗೆ ಕಥೆಯೂ ಮುಗಿಯಿತು. "ಏಮಂಡಿ, ನಾವು ಹಿಂಗೇ ಬರ್ಕೊಂಡಿದ್ದರೆ ಕಂಪನಿಗೆ ಲಾಭ, ನಮಗಲ್ಲ. ನಾಳೆ ನಾನು ಈ ಆ್ಯಪನ್ನ ತೆಗೆದುಹಾಕ್ತೀನಿ. ಅಷ್ಟರೊಳಗೆ ಹೇಳಿ, ಭೇಟಿಗೆ ಬರ್ತೀರೋ ಇಲ್ವೋ."

ಬರ್ತೀನಿ ಅಂತ ಒತ್ತಿದೆ, ಕಳಿಸದೆ ಅಳಿಸಿದೆ. ಬೆಳಿಗ್ಗೆ ಎಂದಿನ ಹಾಗೆ ಡ್ಯೂಟಿಗೆ ಬಸ್ಸು ಹತ್ತಿದೆ. ತುಮಕೂರಿನಿಂದ ಬಂದು ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಬಸ್ಸು. ಪಕ್ಕದಲ್ಲಿ ನಮ್ಮ ಆಸ್ಪತ್ರೆಯ ಆಯಾ. ಯಾರಾದರೂ ಇಣುಕುತ್ತಾರೆಂದು ಬಸ್ಸಿನಲ್ಲಿ ನಾನು ಆ್ಯಪು ತೆಗೆದದ್ದೇ ಇಲ್ಲ. ಅವತ್ತು ತಡೆಯಲಾಗದೆ ಸೆರಗಿನ ಮರೆಯಲ್ಲಿ ತೆಗೆದೆ. ಅವರು ಎಷ್ಟು ದೂರದಲ್ಲಿದ್ದಾರೆ ಅಂತ ಅದು ತೋರಿಸುತ್ತದೆ. ಒಂದು ಕಿಲೋಮೀಟರು ಅಂತಿತ್ತು, ಅದಕ್ಕಿಂತ ಕಡಿಮೆ ಅದು ತೋರಿಸುವುದೇ ಇಲ್ಲ. ಹೊರಗೆ ಮಂಜು, ಹುಣಸೆಮರಗಳು ಒಂದೊಂದಾಗಿ ಬಂದು ಕರಗುತ್ತಿದ್ದವು. ಬಸ್ಸು ಊರು ದಾಟಿತು, ತಿರುವು ದಾಟಿತು. ಆಗಲೂ ಒಂದೇ ಕಿಲೋಮೀಟರು.

"ಎಲ್ಲಿದೀರಾ?" ಅಂತ ಒತ್ತಿದೆ.

"ಬಸ್ಸಲ್ಲಿ, ಹಿಂದೆ. ನನಗೂ ಒಂದೇ ಕಿಲೋಮೀಟರು ತೋರಿಸ್ತಿದೆ, ಮುಂದೆ ಕನಕಾಂಬರ ಮುಡಿದು ಫೋನ್ ನೋಡ್ತಿರೋರು ನೀವೇನಾ?"

ನಮ್ಮ ಬಸ್ಸುಗಳಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಒಂದಿಡೀ ಚಳಿಗಾಲ ಒಂದೇ ಬಸ್ಸಿನಲ್ಲಿ ಹೋಗಿದ್ದೇವೆ, ಒಬ್ಬರ ಮುಖ ಒಬ್ಬರು ನೋಡಿಲ್ಲ! ಇದಕ್ಕೆ ಅಮೆರಿಕದ ಕಂಪನಿಯನ್ನು ಬಯ್ದು ಏನು ಬಂತು. ತಿರುಗಿ ನೋಡಿದೆ. ಮಫ್ಲರು ಸುತ್ತಿಕೊಂಡ ತಲೆಗಳ ನಡುವೆ, ಕಿಟಕಿ ಪಕ್ಕ, ಒಬ್ಬರು ನಿಧಾನಕ್ಕೆ ಮಫ್ಲರು ಬಿಚ್ಚಿದರು. ನರೆತ ಮೀಸೆ. ನನಗಿಂತ ಹೆಚ್ಚು ಹೆದರಿದ ಕಣ್ಣು.

ಎದ್ದು ಹಿಂದಕ್ಕೆ ನಡೆದೆ. ಕಂಡಕ್ಟರ್ ಅಡ್ಡ ಬಂದ. "ಅಮ್ಮೋ, ಎಲ್ಲಿಗೆ ಓಯ್ತಾ ಇದೀರಾ? ಲೇಡೀಸ್ ಸೀಟು ಮುಂದೈತೆ ಕಣಮ್ಮ."

ಆಯಾ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಬಸ್ಸಿಗೆಲ್ಲ ಕೇಳುವ ಹಾಗೆ ನನ್ನ ಬಾಯಿಂದ ಬಂದುಬಿಟ್ಟಿತು:

"ನಮ್ಮೆಜಮಾನ್ರು ಹಿಂದೆ ಅವ್ರೆ. ದಾರಿ ಬುಡಪ್ಪ."