ಚಕ್ರವರ್ತಿಯ ಎದುರು ನಾನಾಡಿದ ಮಾತು

ಹೆಗಡೆ ಮಾಸ್ತರರನ್ನು ಸೋಲಿಸಿದ್ದು ನನ್ನ ವಿದ್ವತ್ತಲ್ಲ. ಅವರು ನನ್ನೊಬ್ಬನನ್ನೇ ನಂಬಿ ಹೇಳಿದ್ದ ಗುಟ್ಟನ್ನು ತುಂಬಿದ ಸಭೆಯಲ್ಲಿ ಅವರ ಮೇಲೇ ಬಳಸಿದೆ. ಗೊತ್ತಿದ್ದೇ ಬಳಸಿದೆ—ಬಾಯಿತಪ್ಪಿ ಬಂದದ್ದಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಮನ್ಮನೆಯ ಹೆಗಡೆ ಮಾಸ್ತರರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗಿದ್ದರು. ತಾಳಮದ್ದಲೆಯಲ್ಲಿ ಅರ್ಥ ಹೇಳುವುದನ್ನು, ಎಂದರೆ ವೇಷವಿಲ್ಲದೆ ಕೂತು ಪಾತ್ರದ ಮಾತಾಡುವುದನ್ನು, ನನಗೆ ಕಲಿಸಿದವರೂ ಅವರೇ. ರಾಮ, ಕೃಷ್ಣರನ್ನೆಲ್ಲ ಬಿಟ್ಟು ಫ್ರಾನ್ಸಿನ ಮೂರನೇ ನೆಪೋಲಿಯನ್ನನ ಮೇಲೆ ಪ್ರಸಂಗ ಬರೆದರು! ಊರವರು ನಕ್ಕರು. ಇವರಿಗೋ ಆ ಅರಸನ ಹುಚ್ಚು. ಓಟು ಪಡೆದು ಅಧ್ಯಕ್ಷನಾಗಿ, ಆಮೇಲೆ ದಂಡು ಬಳಸಿ ಚಕ್ರವರ್ತಿಯಾದವನು. ಪ್ಯಾರಿಸ್ಸಿನ ಇಕ್ಕಟ್ಟು ಗಲ್ಲಿ ಒಡೆದು ಅಗಲ ರಸ್ತೆ, ಚರಂಡಿ, ದೀಪ ಮಾಡಿಸಿದವನು. ದೇಶದ ತುಂಬ ರೈಲು ಓಡಿಸಿದವನು. ಕೊನೆಗೆ ಮೂತ್ರಕೋಶದ ಕಲ್ಲಿನ ನೋವಿನಲ್ಲಿ ಕುದುರೆ ಮೇಲೆ ಕೂರಲಾಗದಿದ್ದರೂ ಯುದ್ಧಕ್ಕೆ ಹೋಗಿ, ಜರ್ಮನಿಯ ಪ್ರಷ್ಯದವರಿಗೆ ಸೆರೆಸಿಕ್ಕು, ಪರದೇಶದಲ್ಲಿ ಸತ್ತ. ಚಕ್ರವರ್ತಿಯ ಪಾತ್ರ ಅವರದು, ಪ್ರಷ್ಯದ ಮಂತ್ರಿಯ ಪಾತ್ರ ನನ್ನದು.

ತಾಳಮದ್ದಲೆ ಕೂಟದ ಹಿಂದಿನ ದಿನ ನನ್ನನ್ನು ಬದಿಗೆ ಕರೆದು ಹೇಳಿದರು: "ತಮ್ಮಾ, ಎಂಗೆ ಹೆಸರೆಲ್ಲ ಮರೆತು ಹೋಗ್ತಾ ಇದ್ದು. ಮನೇಲಿ ಯಾರಿಗೂ ಗೊತ್ತಿಲ್ಲೆ, ನೀನೂ ಹೇಳಡ. ನಾಳೆ ಎಲ್ಲಾದ್ರೂ ತಡವರಿಸಿದ್ರೆ ನೀನೇ ಎತ್ತಿ ಕೊಡು."

ತಾಳಮದ್ದಲೆಯಲ್ಲಿ ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಕೂತಲ್ಲೇ ಮಾತು ಹುಟ್ಟಬೇಕು. ಎದುರಿನವರು ತಡವರಿಸಿದರೆ ಒಂದು ಪ್ರಶ್ನೆ ಹಾಕಿ ದಾರಿಗೆ ತರುವುದು ನಮ್ಮಲ್ಲಿ ಮರ್ಯಾದೆ. ಅವರು ನನ್ನನ್ನು ಹಾಗೆ ಎಷ್ಟು ಸಲ ಉಳಿಸಿದ್ದರೋ—

ಸಿದ್ದಾಪುರದಲ್ಲಿ ಮಧ್ಯಾಹ್ನದ ಕೂಟ. ಮೊದಲರ್ಧ ಪೂರ್ತಿ ಅವರದೇ. ಜನ ಮೈಮರೆತು ಕೇಳುತ್ತಿದ್ದರು, ನನ್ನತ್ತ ಯಾರೂ ನೋಡುತ್ತಿರಲಿಲ್ಲ. ಹೊಟ್ಟೆಕಿಚ್ಚು—ಅದಕ್ಕೆ ಬೇರೆ ಹೆಸರು ಬೇಡ. ಸೆರೆಯಾದ ಚಕ್ರವರ್ತಿಯ ಸಂವಾದದಲ್ಲಿ ಅವರು ಒಮ್ಮೆ ತಡವರಿಸಿದರು. ನನ್ನ ಕಡೆ ನೋಡಿದರು. ನಾನು ಎತ್ತಿ ಕೊಡಲಿಲ್ಲ. "ಮಾತೇ ಮರೆಯುವ ನೀನು ರಾಜ್ಯ ಆಳಿದೆಯಾ? ನಿನ್ನ ಮಹಾರಾಣಿಯ ಹೆಸರಾದರೂ ನೆನಪಿದೆಯೇ? ಹೇಳು!" ಎಂದೆ.

ಅವರ ತುಟಿ ಅಲುಗಿತು. ಸಭೆಯಲ್ಲಿ ಎಂದೂ ಮನೆಮಾತು ಆಡದವರು ಮೆಲ್ಲಗೆ, "ನೆನಪಾಗ್ತಿಲ್ಲೆ, ತಮ್ಮಾ" ಎಂದರು. ನನಗೆ ಚಪ್ಪಾಳೆ ಬಿತ್ತು. ಭಾಗವತರು ಅಲ್ಲಿಗೇ ಮಂಗಳ ಹಾಡಿ ಮುಗಿಸಿದರು.

ಕೇಳಿದವರಿಗೆಲ್ಲ, "ಮಾಸ್ತರರು ತಯಾರಿ ಮಾಡಿಕೊಂಡೇ ಬಂದಿರಲಿಲ್ಲ" ಎಂದು ಹೇಳಿಕೊಂಡು ತಿರುಗಿದೆ. ಶಿರಸಿ, ಯಲ್ಲಾಪುರದ ಕೂಟಗಳಿಂದ ನನಗೆ ಕರೆ ಬರತೊಡಗಿತು. ಅವರು ಮತ್ತೆ ಅರ್ಥಕ್ಕೆ ಕೂರಲಿಲ್ಲ.

ಹೋದ ತಿಂಗಳು ಮಾಸ್ತರರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಮಗಳು ಅತ್ತಳು: "ಅಪ್ಪಯ್ಯ ತಯಾರಿ ಇಲ್ದೇ ಹೋಗಿ ಮರ್ಯಾದೆ ಕಳ್ಕಂಡ ಹೇಳಿ ಆನೇ ಬೈದು ಕೂಟ ಬಿಡಿಸಿದ್ದು. ಮರೆವು ಬಂದಿದ್ದು ಆಮೇಲೆ." ನನ್ನ ಸುಳ್ಳು ಆ ಮನೆಯೊಳಗೂ ಹೊಕ್ಕು, ಮಗಳೇ ತಂದೆಯನ್ನು ಬೈಯುವಂತೆ ಮಾಡಿತ್ತು! ಆದರೂ ಚಹ ಕುಡಿದು, ನಿಜ ಹೇಳದೇ ಎದ್ದು ಬಂದೆ. ಎಂಥ ಹೇಡಿ ನಾನು.

ಬರುವ ಭಾನುವಾರ ಕೋಲಸಿರ್ಸಿಯಲ್ಲಿ ಅವರ ನೆನಪಿನ ಕೂಟ. ಚಕ್ರವರ್ತಿಯ ಅರ್ಥ ನಾನೇ ಹೇಳಬೇಕಂತೆ. ಆಗುವುದಿಲ್ಲ ಎಂದು ತಿಳಿಸಿದ್ದೇನೆ. ಆರಂಭಕ್ಕೆ ಮೊದಲು ಹತ್ತು ನಿಮಿಷ ಕೇಳಿ ಪಡೆದಿದ್ದೇನೆ. ಇನ್ನು ಮುಂದೆ ಯಾರೂ ನನ್ನನ್ನು ಕರೆಯದಿದ್ದರೆ ಬೇಡ. ಅಂದು ಚಪ್ಪಾಳೆ ತಟ್ಟಿದವರು ಬರುತ್ತಾರೆ, ಮಗಳೂ ಬರುತ್ತಾಳೆ. ನಿನ್ನ ಅಪ್ಪಯ್ಯನಿಗೆ ಅಂದೇ ಕಾಯಿಲೆಯಿತ್ತು, ಅದು ನನಗೆ ಗೊತ್ತಿತ್ತು—ಇಷ್ಟನ್ನು ಅವಳ ಮುಖ ನೋಡಿಕೊಂಡೇ ಹೇಳುತ್ತೇನೆ.